ಕಿಟ್ಟದ ಕಲ್ಲು ಹೊತ್ತು ಡೆನ್ಮಾರ್ಕಿಗೆ

ದೇವನಹಳ್ಳಿ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಕ್ಕನ ಕೈಚೀಲ ಯಂತ್ರದೊಳಗೆ ಹೋಗಿ ಅಲ್ಲೇ ನಿಂತಿತು. ಪರದೆ ನೋಡುತ್ತಿದ್ದ ಹುಡುಗಿ ಚೀಲವನ್ನು ಪಕ್ಕಕ್ಕೆಳೆದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಮೂಸಂಬಿ ಗಾತ್ರದ ಒಂದು ಕಪ್ಪು ಕಲ್ಲನ್ನು ಹೊರಗೆ ತೆಗೆದಳು.

"ಇದೇನಮ್ಮ?"

"ಕಿಟ್ಟ ಕಣಮ್ಮ."

"ಕಿಟ್ಟ ಅಂದ್ರೆ?"

"ಒಲೇಲಿ ಬೂದಿ ಕರಗಿ ಹಿಂಗೆ ಕಲ್ಲಾಗ್ಬುಡ್ತದೆ. ಅದಕ್ಕೆ ಔಷಧಿ ಕೇಳ್ಕೊಂಡು ಬರಕ್ಕೆ ಹೊರಟಿದೀವಿ."

ಹುಡುಗಿಗೆ ನಗಬೇಕೋ ಗದರಬೇಕೋ ತಿಳಿಯಲಿಲ್ಲ. ಮೇಲಿನವರನ್ನು ಕರೆದಳು. ಅವರು ಬಂದು ಕಲ್ಲನ್ನು ತಿರುಗಿಸಿ, ಮೂಸಿ, ಮೇಜಿಗೆ ಮೆಲ್ಲಗೆ ಕುಟ್ಟಿ ನೋಡಿದರು. "ಕಲ್ಲು ತೋರಿಸಕ್ಕೆ ಡಾಕ್ಟ್ರ ಹತ್ರ ಹೋಗೋರ್ನ ನೋಡಿದೀನಿ. ಅದು ಕಿಡ್ನಿ ಕಲ್ಲು. ಒಲೆ ಕಲ್ಲು ಇದೇ ಫಸ್ಟು," ಎಂದು ನಕ್ಕು ಚೀಲ ವಾಪಸ್ ಕೊಟ್ಟರು. ಅಕ್ಕ ಅದನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿ, ಕೂಸನ್ನೆತ್ತಿಕೊಂಡಂತೆ ಎದೆಗವಚಿಕೊಂಡು ಮುಂದೆ ನಡೆದರು.

ಅಕ್ಕ ಎಂದರೆ ನನ್ನ ವಾರಗಿತ್ತಿ, ನಾರಾಯಣಮ್ಮ. ನನ್ನ ಗಂಡನ ಅಣ್ಣನ ಹೆಂಡತಿ. ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ನಮ್ಮ ಊರಿನಲ್ಲಿ ಹಿಪ್ಪುನೇರಳೆ ಬೆಳೆದು, ರೇಷ್ಮೆ ಹುಳು ಸಾಕುವವರು. ನಾನು ಚಿಂತಾಮಣಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹೆಂಗಸಾದರೂ ಊರಿನವರು ನನ್ನನ್ನು ಮೇಷ್ಟ್ರೇ ಅನ್ನುತ್ತಾರೆ.

ಹುಳುಗಳು ಸೊಪ್ಪು ತಿಂದು ಮುಗಿಸಿದ ಮೇಲೆ ರಾಶಿ ರಾಶಿ ಕಡ್ಡಿ ಉಳಿಯುತ್ತದೆ. ಹಿಂದೆ ಅದನ್ನು ಬದುವಿನ ಮೇಲೆ ಸುಮ್ಮನೆ ಸುಟ್ಟುಬಿಡುತ್ತಿದ್ದರು. ಅಕ್ಕ ಊರಿನ ಹನ್ನೊಂದು ಹೆಂಗಸರನ್ನು ಕಟ್ಟಿಕೊಂಡು ಒಂದು ಶೆಡ್ ಹಾಕಿಸಿ, ಆ ಕಡ್ಡಿಯನ್ನು ಪುಡಿ ಮಾಡಿ ಒತ್ತಿ ಉರುವಲು ತಯಾರಿಸಲು ಶುರು ಮಾಡಿದರು. ಯಂತ್ರ ಕೊಟ್ಟವರು ಅದಕ್ಕೆ ಬ್ರಿಕೆಟ್ ಎಂದರು. ಶೆಡ್ಡಿನ ಹೆಂಗಸರು ಉಂಡೆ ಎಂದರು. ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಸುವ ಘಟಕವಿರುವ ಅನ್ವರ್ ಭಾಯ್ ಮೊದಲ ಗಿರಾಕಿ. ಹುಣಸೆ, ನೀಲಗಿರಿ ಸೌದೆ ಬಿಟ್ಟು ನಮ್ಮ ಉಂಡೆಯಿಂದಲೇ ಅವರ ಬಾಯ್ಲರ್ ಉರಿಯತೊಡಗಿದಾಗ, ನಾನು ಮಕ್ಕಳಿಗೆ ಇಂಗಾಲದ ಚಕ್ರ ಪಾಠ ಮಾಡುತ್ತಾ "ನೋಡ್ರಪ್ಪ, ನಮ್ಮೂರಿನ ಹೆಂಗಸರು ಇದನ್ನ ಮಾಡಿ ತೋರಿಸ್ತಿದಾರೆ" ಎಂದು ಬೀಗಿದ್ದೆ.

ಆಮೇಲೆ ಬಂತು ಈ ಕಿಟ್ಟ. ಒಲೆಯ ಸರಳಿನ ಮೇಲೆ ಬೂದಿ ಕರಗಿ ಕಲ್ಲಾಗಿ ಕಚ್ಚಿಕೊಳ್ಳುತ್ತಿತ್ತು. ಗಾಳಿ ಆಡದೆ ಉರಿ ಕುಗ್ಗುತ್ತಿತ್ತು, ಗೂಡು ಬೇಯುವ ನೀರಿನ ಕಾವು ಇಳಿಯುತ್ತಿತ್ತು. ಕಾವು ಇಳಿದರೆ ಎಳೆ ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ನಾವು ಹೊರಡುವ ಹಿಂದಿನ ದಿನ ಅನ್ವರ್ ಭಾಯ್ ಮನೆಗೇ ಬಂದು ಕುಳಿತು, ತುಂಬಾ ಸಂಕೋಚದಿಂದ ಹೇಳಿದರು: "ಅಮ್ಮಾ, ನೀವು ವಾಪಸ್ ಬಂದು ಇನ್ನೊಂದು ಸಲ ನೋಡೋವರ್ಗೂ ಕಾಯ್ತೀನಿ. ಆಮೇಲೂ ಹಿಂಗೇ ಆದ್ರೆ ನಾನು ಸೌದೆಗೇ ಹೋಗ್ಬೇಕಾಗ್ತದೆ. ತಪ್ಪು ತಿಳ್ಕೋಬೇಡಿ."

ಅವರು ಬಿಟ್ಟರೆ ಉಳಿದವರೂ ಬಿಡುತ್ತಾರೆ, ಶೆಡ್ಡಿಗೆ ಬೀಗ. ಇದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಳ್ಳಿಯ ಮಹಿಳಾ ಸಂಘಗಳ ಜೊತೆ ಕೆಲಸ ಮಾಡುವ ಸಂಸ್ಥೆಯೊಂದು ಡೆನ್ಮಾರ್ಕಿನಲ್ಲಿ ಹುಲ್ಲಿನಿಂದ ಬಿಸಿನೀರು ಕಾಯಿಸುವುದನ್ನು ನೋಡಿ ಬನ್ನಿ ಎಂದು ಕರೆದಾಗ, ಅಕ್ಕ ಕೇಳಿದ್ದು ಒಂದೇ ಮಾತು: "ಅಲ್ಲೂ ಕಿಟ್ಟ ಕಟ್ಟತ್ತಾ?" ಇಂಗ್ಲಿಷ್ ಮಾತಾಡಲು ನಾನು ಜೊತೆಗೆ ಹೊರಟೆ.

ಕೋಪನ್‌ಹೇಗನ್

ಇಳಿದ ಮೊದಲ ದಿನವೇ ಅಕ್ಕನಿಗೆ ಆ ದೇಶದ ಮೇಲೆ ಒಂದು ಅನುಮಾನ ಹುಟ್ಟಿತು. ಹೋಟೆಲೊಂದರ ಹೊರಗೆ ಸಾಲಾಗಿ ನಿಲ್ಲಿಸಿದ್ದ ತಳ್ಳುಗಾಡಿಗಳಲ್ಲಿ ಕೂಸುಗಳು ಮಲಗಿದ್ದವು. ತಾಯಂದಿರು ಒಳಗೆ ಗಾಜಿನ ಹಿಂದೆ ಕಾಫಿ ಕುಡಿಯುತ್ತಿದ್ದರು. ಅಕ್ಕ ಮುಂದೆ ಹೆಜ್ಜೆಯಿಡಲೊಪ್ಪಲಿಲ್ಲ.

"ಯಾರೋ ಮಗೂನ ಬಿಟ್ಟೋಗಿದಾರೆ ಕಣೇ ಮಂಜೂ."

"ತಣ್ಣನೆ ಗಾಳೀಲಿ ಮಲಗಿದ್ರೆ ಮಕ್ಕಳಿಗೆ ಒಳ್ಳೇದಂತೆ ಅಕ್ಕ. ಇಲ್ಲಿ ಎಲ್ಲಾ ಹಿಂಗೇ ಮಾಡ್ತಾರೆ."

"ನಾಯಿ ಬಂದ್ರೆ?"

ನಾಯಿಗಳೂ ಬಂದವು. ಒಂದೊಂದಕ್ಕೂ ಹಗ್ಗ, ಹಗ್ಗದ ತುದಿಗೆ ಒಬ್ಬೊಬ್ಬ ಯಜಮಾನ. ನಮ್ಮ ಊರಿನ ಬೀದಿಯಲ್ಲಿ ನಾಯಿಯೇ ಯಜಮಾನ. ಕಡೆಗೆ ಒಬ್ಬ ತಾಯಿ ಹೊರಬಂದು ಮಗುವನ್ನೆತ್ತಿಕೊಂಡು ಹೋಗುವವರೆಗೂ ಅಕ್ಕ ಅಲ್ಲೇ ಕಾವಲು ನಿಂತರು. ಆಕೆ ಇವರನ್ನು ನೋಡಿ ನಕ್ಕು "ತಕ್" ಎಂದಳು.

ತಕ್ ಎಂದರೆ ಅಲ್ಲಿ ಉಪಕಾರ ಸ್ಮರಣೆ. ಅಂಗಡಿಯವನು ಚಿಲ್ಲರೆ ಕೊಟ್ಟು ತಕ್ ಎನ್ನುತ್ತಾನೆ, ನೀವು ತೆಗೆದುಕೊಂಡು ತಕ್ ಎನ್ನಬೇಕು, ಅವನು ಇನ್ನೊಂದು ಸಲ ತಕ್ ಎನ್ನುತ್ತಾನೆ. "ನಮ್ಮೂರಲ್ಲಿ ಕೊಡೋನು ಮಾತ್ರ ತಗ ಅಂತಾನೆ. ಇವರು ಇಸ್ಕೊಂಡೋರೂ ತಗ ಅಂತಾರಲ್ಲೇ," ಎಂದು ಅಕ್ಕ ಬೆರಗಾದರು. ಸಂಜೆಯ ಹೊತ್ತಿಗೆ ಬಸ್ಸಿನ ಚಾಲಕನಿಗೆ ಅವರೇ ಮೂರು ಸಲ ತಕ್ ಹೇಳಿ ಇಳಿದರು.

ಎರಡನೆಯ ದಿನ ನಮ್ಮ ತಂಡವನ್ನು ನಗರದಂಚಿನ ದೊಡ್ಡ ಸ್ಥಾವರವೊಂದಕ್ಕೆ ಕರೆದೊಯ್ದರು. ಬೇರೆ ಬೇರೆ ರಾಜ್ಯಗಳಿಂದ ಬಂದ ಹತ್ತಾರು ಜನರಿದ್ದೆವು. ಮೊದಲು ಹಡಗಿನಲ್ಲಿ ಬಂದ ಕಲ್ಲಿದ್ದಲು ಉರಿಯುತ್ತಿದ್ದ ಜಾಗ ಅದು. ಈಗ ಹುಲ್ಲು, ಮರದ ಚೂರು. ಎಲ್ಲಾ ಗಾಜಿನಾಚೆ. ವಿವರಿಸುವವರು ಓಡುತ್ತಾ ವಿವರಿಸಿದರು, ನಾವು ಓಡುತ್ತಾ ಕೇಳಿಸಿಕೊಂಡೆವು. ಪ್ರಶ್ನೆಗಳಿಗೆ ಕೊನೆಯಲ್ಲಿ ಸಮಯವಿದೆ ಎಂದಿದ್ದರು. ಕೊನೆ ಬಂದಾಗ ಬಸ್ಸು ಬಂದಿತ್ತು. ಅಕ್ಕ ಚೀಲದೊಳಗೆ ಕೈಹಾಕಿ ಕಲ್ಲನ್ನು ಅರ್ಧ ತೆಗೆದಿದ್ದವರು ಹಾಗೇ ಒಳಗಿಟ್ಟರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು, "ಇಷ್ಟು ದೂರ ಬಂದು ಬಾಯಿ ಬಿಡಕ್ಕಾಗ್ಲಿಲ್ವಲ್ಲೇ" ಎಂದಷ್ಟೇ ಹೇಳಿದರು. ನನಗೆ ಅವರಿಗಿಂತ ಹೆಚ್ಚು ನಾಚಿಕೆಯಾಯಿತು. ಇಂಗ್ಲಿಷ್ ಇದ್ದದ್ದು ನನ್ನ ಬಾಯಲ್ಲಿ.

ಒಗ್ಗರಣೆಯ ಸಂಜೆ

ಮೂರನೆಯ ದಿನ ತಂಡವನ್ನು ಬೇರೆ ಬೇರೆ ಊರುಗಳಿಗೆ ಹಂಚಿದರು; ನಾವಿಬ್ಬರು ಪಶ್ಚಿಮದ ಹಳ್ಳಿಗಾಡಿನ ಒಂದು ಸಣ್ಣ ಊರಿಗೆ ಬಂದೆವು. ನೆಲವೆಲ್ಲ ಸಣ್ಣ ಉಬ್ಬು ತಗ್ಗು, ಗೋಧಿ ಕೊಯ್ದ ಹೊಲ, ದೂರದಲ್ಲಿ ತಿರುಗುವ ಗಾಳಿಯಂತ್ರ. ನಂದಿಬೆಟ್ಟದಂಥದ್ದು ಒಂದೂ ಇಲ್ಲದ್ದರಿಂದ ಅಕ್ಕನಿಗೆ ದಿಕ್ಕೇ ಸಿಗಲಿಲ್ಲ. "ಬೆಟ್ಟ ಇಲ್ದಿದ್ರೆ ಮನೆ ಯಾವ ಕಡೆ ಅಂತ ಹೆಂಗೆ ಗೊತ್ತಾಗ್ಬೇಕು?"

ಇಳಿದುಕೊಂಡ ಅತಿಥಿಗೃಹದಲ್ಲಿ ಅಡುಗೆಮನೆಯಿತ್ತು. ಮೂರು ದಿನ ತಣ್ಣನೆ ಬ್ರೆಡ್ಡು ತಿಂದು ಸೋತಿದ್ದ ಅಕ್ಕನ ಕಣ್ಣು ಅರಳಿತು. ಸಂಜೆ ಏಳಾದರೂ ಹೊರಗೆ ಬಿಸಿಲಿತ್ತು. ರಾಗಿ ಹಿಟ್ಟು ಹೊರಬಂತು, ಎಸರಿಟ್ಟು ಮುದ್ದೆ ಕಟ್ಟಿದ್ದಾಯಿತು. ಹುಣಸೆ ಗೊಜ್ಜಿಗೆ ಎಣ್ಣೆ ಕಾಯಿಸಿ ಸಾಸಿವೆ, ಒಣಮೆಣಸಿನಕಾಯಿ ಹಾಕಿದರು. ಚಟಪಟ ಎಂದು ಘಾಟು ಎದ್ದಿತು. ಅಕ್ಕ ಸುಖದಿಂದ ಸೀನಿದರು.

ಅಷ್ಟೇ. ಮಾಳಿಗೆಯಲ್ಲೆಲ್ಲೋ ಸೈರನ್ ಕಿರುಚಿಕೊಂಡಿತು. ಬಾಗಿಲುಗಳು ತಾವಾಗಿಯೇ ಧಡಧಡ ಮುಚ್ಚಿಕೊಂಡವು. ಅತಿಥಿಗೃಹದಲ್ಲಿದ್ದವರೆಲ್ಲ, ಒಬ್ಬ ಮುದುಕರು ಟವೆಲ್ಲಿನಲ್ಲೇ, ಸದ್ದಿಲ್ಲದೆ ಹೊರಗೆ ಹೋಗಿ ಹುಲ್ಲಿನ ಮೇಲೆ ಸಾಲಾಗಿ ನಿಂತರು. ಯಾರೂ ಕೂಗಲಿಲ್ಲ, ಯಾರನ್ನೂ ಬೈಯಲಿಲ್ಲ. ನಮ್ಮೂರಾಗಿದ್ದರೆ ಇಷ್ಟು ಹೊತ್ತಿಗೆ ನೂರು ಜನ ಒಳಗೆ ನುಗ್ಗಿ ಒಬ್ಬೊಬ್ಬರೂ ಒಂದೊಂದು ಸಲಹೆ ಕೊಡುತ್ತಿದ್ದರು. ಐದಾರು ನಿಮಿಷದಲ್ಲಿ ಕೆಂಪು ಗಾಡಿ ಬಂದೇ ಬಿಟ್ಟಿತು. ಹೆಲ್ಮೆಟ್ ಹಾಕಿದ ದೊಡ್ಡ ಆಳೊಂದು ಒಳಗೆ ಹೋಯಿತು. ಮುಖ್ಯದ್ವಾರದಲ್ಲಿ ಅಕ್ಕ ಸೌಟು ಹಿಡಿದೇ ನಿಂತಿದ್ದರು.

ಆ ಆಳು ಹೊರಗೆ ಬಂದು ಹೆಲ್ಮೆಟ್ ತೆಗೆದಾಗ ನೋಡಿದರೆ ಹೆಂಗಸು! ಅರವತ್ತರ ಹತ್ತಿರದ ವಯಸ್ಸು, ನರೆತ ಕೂದಲಿನ ಗಟ್ಟಿ ಜಡೆ, ಕಣ್ಣಿನಲ್ಲಿ ಧಾರಾಕಾರ ನೀರು. ಮೆಣಸಿನಕಾಯಿ ಘಾಟು.

"ಬೆಂಕಿ ಇಲ್ಲ," ಎಂದಳು ಕೆಮ್ಮುತ್ತಾ. "ಆದರೆ ಇದು ಬೆಂಕಿಗಿಂತ ಜೋರಾಗಿದೆ. ಏನಿದು?"

ನಾನು ಹತ್ತು ಸಲ ಕ್ಷಮೆ ಕೇಳಿದೆ. ಅಕ್ಕ ಒಂದು ಸಲವೂ ಕೇಳಲಿಲ್ಲ; ಅವಳನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಮುದ್ದೆಯ ತುಣುಕನ್ನು ಗೊಜ್ಜಿನಲ್ಲಿ ಅದ್ದಿ ಕೊಟ್ಟರು. "ಅಗೀಬೇಡಮ್ಮ, ನುಂಗು." ಅವಳು ನುಂಗಿದಳು, ಇನ್ನೊಂದು ತುಣುಕಿಗೆ ತಾನೇ ಕೈಚಾಚಿದಳು. ಅವಳ ಹೆಸರು ಕಿರ್ಸ್ಟನ್. ಅಗ್ನಿಶಾಮಕದ ಕೆಲಸ ಆ ಊರಿನ ಹಲವರು ಬಿಡುವಿನಲ್ಲಿ ಮಾಡುವ ಸೇವೆ. ಹಾಗಾದರೆ ಹಗಲಿನ ಕೆಲಸವೇನು ಎಂದು ಕೇಳಿದೆ.

"ಈ ಊರಿನ ಬಿಸಿನೀರಿನ ಮನೆ ನೋಡಿಕೊಳ್ಳುತ್ತೇನೆ. ಹುಲ್ಲು ಸುಡುತ್ತೇನೆ."

ನಾನು ಇದನ್ನು ಕನ್ನಡಕ್ಕೆ ತಂದೆ. ಅಕ್ಕ ಕೋಣೆಗೆ ಹೋಗಿ, ಗಂಟು ತಂದು, ಮುದ್ದೆಯ ತಟ್ಟೆಯ ಪಕ್ಕದಲ್ಲಿ ಕಿಟ್ಟದ ಕಲ್ಲನ್ನು ಇಟ್ಟರು.

ಕಿರ್ಸ್ಟನ್ ಅದನ್ನು ನೋಡಿದ ರೀತಿಯಲ್ಲೇ ನನಗೆ ಗೊತ್ತಾಯಿತು. ಊರಿನ ಹಳೇ ಪೋಕರಿಯನ್ನು ದೂರದೇಶದಲ್ಲಿ ಕಂಡವಳ ಮುಖ ಅದು.

"ಓ, ಇದು ನನಗೆ ಗೊತ್ತು," ಎಂದಳು. "ನಾಳೆ ಬೆಳಗ್ಗೆ ಬನ್ನಿ."

ಊರಿಗೆಲ್ಲ ಒಂದೇ ಹಂಡೆ

ಬಿಸಿನೀರಿನ ಮನೆ ನಮ್ಮ ಕಡೆಯ ಕೋಳಿ ಫಾರಂನಷ್ಟಿತ್ತು, ಅಷ್ಟೇ. ಪಕ್ಕದ ಕೊಟ್ಟಿಗೆಯಲ್ಲಿ ಮಂಚದುದ್ದದ ಹುಲ್ಲಿನ ದಿಂಡುಗಳನ್ನು ಸೂರಿನವರೆಗೆ ಪೇರಿಸಿದ್ದರು. ಒಂದು ಕ್ರೇನು ತಾನಾಗಿಯೇ ಬಂದು ದಿಂಡನ್ನೆತ್ತಿ ಕುಲುಮೆಯ ಬಾಯಿಗೆ ಇಡುತ್ತಿತ್ತು. ಅಲ್ಲಿ ಕಾದ ನೀರು ನೆಲದೊಳಗಿನ ಕೊಳವೆಯಲ್ಲಿ ಮನೆಮನೆಗೂ ಹೋಗಿ, ಸ್ನಾನಕ್ಕೆ ಬಿಸಿ ಕೊಟ್ಟು, ಚಳಿಗಾಲದಲ್ಲಿ ಕೋಣೆಗಳನ್ನು ಬೆಚ್ಚಗಿಟ್ಟು, ತಣ್ಣಗಾಗಿ ವಾಪಸ್ ಬರುತ್ತದೆ. ಮತ್ತೆ ಕಾಯುತ್ತದೆ.

ಅಕ್ಕ ಹೊರಗೆ ಬಂದು ಬೀದಿಯ ಆಚೆ ತುದಿಯವರೆಗೂ ಕಣ್ಣು ಹಾಯಿಸಿದರು. ಶಾಲೆ, ಚರ್ಚು, ವೃದ್ಧರ ಮನೆ, ನೂರಾರು ಹೆಂಚಿನ ಮನೆ. ಎಲ್ಲೂ ಹೊಗೆಗೂಡಿಲ್ಲ.

"ಅಂದ್ರೆ ಊರಿಗೆಲ್ಲ ಒಂದೇ ಹಂಡೆ!"

ಇದನ್ನು ನಾನು ಅನುವಾದಿಸಿದಾಗ ಕಿರ್ಸ್ಟನ್‌ಗೆ ಹಂಡೆ ಎಂದರೆ ಏನೆಂದು ವಿವರಿಸಬೇಕಾಯಿತು. ಬಚ್ಚಲಮನೆ, ತಾಮ್ರ, ಕೆಳಗೆ ತೆಂಗಿನ ಗರಿಯ ಉರಿ ಎಂದೆಲ್ಲ ಹೇಳಿದೆ. ಅವಳು ತನ್ನ ಸ್ಥಾವರದ ಬಗ್ಗೆ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಎಂದಳು.

ಅಕ್ಕನ ಮೊದಲ ಪ್ರಶ್ನೆ ಮಾತ್ರ ಕಿಟ್ಟದ್ದಲ್ಲ. "ಹುಲ್ಲನ್ನೆಲ್ಲ ನೀವು ಸುಟ್ರೆ ದನ ಏನು ತಿನ್ನತ್ತೆ?" ನಮ್ಮಲ್ಲಿ ರಾಗಿ ಹುಲ್ಲಿಗೆ ಬೆಂಕಿ ಎಂದರೆ ಪಾಪ. ಹುಲ್ಲಿನ ಬಣವೆ ಹತ್ತಿಕೊಂಡ ಮನೆಯಲ್ಲಿ ಸಾವಾದಂತೆ ಅಳುತ್ತಾರೆ.

ದನಗಳಿಗೆ ಬೇರೆ ಮೇವು ಬೆಳೆಯುತ್ತೇವೆ, ಇದು ಮಿಕ್ಕ ಗೋಧಿ ಹುಲ್ಲು, ಅದರಲ್ಲೂ ಒಂದಷ್ಟನ್ನು ಕತ್ತರಿಸಿ ಹೊಲಕ್ಕೇ ಬಿಡುತ್ತೇವೆ ಎಂದಳು ಕಿರ್ಸ್ಟನ್. "ಹೊಲದ ಹೊಟ್ಟೆ, ದನದ ಹೊಟ್ಟೆ ತುಂಬಿದ ಮೇಲೆ ಉಳಿದದ್ದು ಮಾತ್ರ ನನಗೆ. ಅದೂ ಟ್ರ್ಯಾಕ್ಟರು ಹೋಗಿ ಬರುವಷ್ಟು ದೂರದಿಂದ. ಅದಕ್ಕಿಂತ ದೂರದಿಂದ ತಂದರೆ ಲಾರಿಯ ಹೊಗೆಯೇ ನಮ್ಮ ಉಳಿತಾಯ ತಿಂದುಹಾಕುತ್ತದೆ."

ಮೊದಲು ಈ ಊರಿನಲ್ಲೂ ಮನೆಮನೆಗೆ ಎಣ್ಣೆಯ ಒಲೆಯಿತ್ತಂತೆ. ನಾನು ಉತ್ಸಾಹ ತಡೆಯಲಾರದೆ ಅಕ್ಕನಿಗೆ ಪಾಠ ಶುರು ಮಾಡಿದೆ: ಹುಲ್ಲು ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವೇ ಉರಿದಾಗ ವಾಪಸ್ ಹೋಗುತ್ತದೆ, ಮುಂದಿನ ಬೆಳೆ ಅದನ್ನು ಮತ್ತೆ ಹೀರುತ್ತದೆ. ಕಲ್ಲಿದ್ದಲು, ಎಣ್ಣೆ ಹಾಗಲ್ಲ.

"ಗೊತ್ತು ಕಣೇ," ಎಂದರು ಅಕ್ಕ. "ಈ ವರ್ಷದ ಗಾಳಿ ಈ ವರ್ಷವೇ ವಾಪಸ್. ಕಲ್ಲಿದ್ದಲು ಅಂದ್ರೆ ಪಾತಾಳದಲ್ಲಿ ಮಲಗಿದ್ದನ್ನ ಎಬ್ಬಿಸಿ ತಂದು ಊರಿಗೆ ಬಿಡೋದು. ಆದ್ರೆ ಅನ್ವರು ಮೊದ್ಲು ಸುಡ್ತಿದ್ದ ಹುಣಸೆ ಮರ? ಅದು ಬೆಳಿಯಕ್ಕೆ ಒಂದು ತಲೆಮಾರು ಬೇಕು. ನಮ್ಮ ಕಡ್ಡಿ ಎರಡೂವರೆ ತಿಂಗಳಿಗೆ ಮತ್ತೆ ಬರತ್ತೆ. ಅದಕ್ಕೇ ತಾನೆ ನಾನು ಒದ್ದಾಡ್ತಿರೋದು?"

ಹತ್ತು ವರ್ಷದಿಂದ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ನಾನು ಹೇಳಿಕೊಡುತ್ತಿದ್ದುದು ಮೂರು ಮಾತಿನಲ್ಲಿ ಮುಗಿದಿತ್ತು.

ಆಮೇಲೆ ಕಿರ್ಸ್ಟನ್ ಸುತ್ತಿಗೆ ತಂದು ಕಲ್ಲನ್ನು ಒಡೆದಳು. ಒಳಗೆ ಗಾಜಿನಂತೆ ಹಸಿರುಗಪ್ಪು ಹೊಳಪು, ಅದರಲ್ಲಿ ಹೂತ ಮರಳಿನ ಕಣ. ಒಂದು ಕಣವನ್ನು ಉಗುರಿನಿಂದ ಎಬ್ಬಿಸಿ ತೋರಿಸಿದಳು. "ಇದು ಮಣ್ಣು. ಕಡ್ಡಿಯನ್ನು ನೆಲದ ಮೇಲೆ ಎಳೆದು ತರುತ್ತೀರಿ, ಅಲ್ಲವೆ?" ಹೌದು, ಕಟ್ಟು ಕಟ್ಟಿ ಎಳೆಯುತ್ತೇವೆ. "ಗಾಜಿನಂತಿರುವುದು ಪೊಟ್ಯಾಷ್, ಉಪ್ಪು. ಗಿಡದೊಳಗಿನದು. ಅದೇ ಬೂದಿಯನ್ನು ಕರಗಿಸುವುದು." ಆಮೇಲೆ ಕೇಳಿದಳು: "ನಿಮ್ಮ ಕಡ್ಡಿಯ ಮೇಲೆ ಎಷ್ಟು ಮಳೆ ಬಿದ್ದಿರುತ್ತದೆ?"

ಅಕ್ಕ ಎದೆಯುಬ್ಬಿಸಿದರು. "ಒಂದು ಹನಿಯೂ ಬೀಳಕ್ಕೆ ಬಿಟ್ಟಿಲ್ಲ ಅಂತ ಹೇಳು. ಕುಯ್ದ ದಿನವೇ ತಾಡಪಾಲು ಹೊದಿಸ್ತೀವಿ."

ನಾನು ಹೇಳಿದೆ. ಕಿರ್ಸ್ಟನ್ ನಕ್ಕಳು. "ಅದೇ ನಿಮ್ಮ ರೋಗ. ಮಳೆಯಲ್ಲಿ ನೆನೆಯಲು ಬಿಡಿ. ಉಪ್ಪೆಲ್ಲ ತೊಳೆದು ಹೋಗುತ್ತದೆ. ಆಮೇಲೆ ಒಣಗಿಸಿ ಸುಡಿ."

ಈ ಮಾತನ್ನು ನಾನು ತಕ್ಷಣ ಕನ್ನಡಕ್ಕೆ ತರಲಿಲ್ಲ. ಏಕೆಂದರೆ ತಾಡಪಾಲು ಹೊದಿಸಿ ಎಂದವಳು ನಾನೇ. ವಿಜ್ಞಾನದ ಮೇಷ್ಟ್ರು ಹೇಳಿದರೆಂದು ಹನ್ನೊಂದು ಹೆಂಗಸರು ಮೋಡ ಕಟ್ಟಿದಾಗಲೆಲ್ಲ ಒಲೆ ಮೇಲಿನ ಅನ್ನ ಬಿಟ್ಟು ಓಡುತ್ತಿದ್ದರು. ತೇವ ಇರಕೂಡದು ಎಂದು ಮಾತ್ರ ನನಗೆ ಗೊತ್ತಿತ್ತು. ಮಳೆ ಬೂದಿಯನ್ನು ಬದಲಿಸುತ್ತದೆಂದು ಗೊತ್ತಿರಲಿಲ್ಲ.

"ಏನಂದ್ಲೇ? ಯಾಕೆ ಸುಮ್ಮನಾದೆ?" ಅಕ್ಕ ತಿವಿದರು.

ಹೇಳಿದೆ. ಅಕ್ಕ ನಂಬಲಿಲ್ಲ. "ಸರಿಯಾಗಿ ಕೇಳಿಸ್ಕೊಂಡ್ಯಾ? ಉರುವಲನ್ನ ಯಾರಾದ್ರೂ ಮಳೇಲಿ ನೆನೆಸ್ತಾರಾ? ಇನ್ನೊಂದ್ಸಲ ಕೇಳು." ಇನ್ನೊಂದು ಸಲ ಕೇಳಿದೆ. ಅದೇ ಉತ್ತರ. ಅಕ್ಕ ಕಿರ್ಸ್ಟನ್‌ಳ ಮುಖ ನೋಡಿದರು, ನನ್ನ ಮುಖ ನೋಡಿದರು.

"ತಾಡಪಾಲು ಹೊದಿಸಿ ಅಂದಿದ್ದು ನಾನು ಅಕ್ಕ," ಎಂದೆ. "ತಪ್ಪು ನಂದು."

ಅಕ್ಕ ಒಡೆದ ಕಲ್ಲಿನ ಚೂರುಗಳನ್ನು ಸೀರೆಯ ತುಂಡಿಗೆ ಆಯ್ದುಕೊಂಡರು. "ಮೊದ್ಲು ಇವಳು ಹೇಳೋದು ನಿಜವಾ ನೋಡಣ," ಎಂದರು. "ತಪ್ಪನ್ನ ಆಮೇಲೆ ಹಂಚ್ಕೊಳಣ."

ಯೆನ್ಸನ ಹೊಲ

ಹುಲ್ಲು ಕೊಡುವ ರೈತರಲ್ಲೊಬ್ಬ ಯೆನ್ಸ್. ಕಿರ್ಸ್ಟನ್ ನಮ್ಮನ್ನು ತನ್ನ ಕಾರಿನಲ್ಲೇ ಅವನ ಹೊಲಕ್ಕೆ ಕರೆದುಕೊಂಡು ಹೋದಳು. ಆರಡಿಗೂ ಮೀರಿದ ಎತ್ತರ, ಮಾತು ಬಹಳ ಕಡಿಮೆ. ಕೈ ಕುಲುಕಿ, ಹೊಲದ ಕಡೆ ಕೈ ತೋರಿಸಿ ಸುಮ್ಮನೆ ನಿಂತ. ಗೋಧಿ ಕೊಯ್ದು ಹುಲ್ಲನ್ನು ಸಾಲು ಸಾಲಾಗಿ ನೆಲದ ಮೇಲೆ ಬಿಟ್ಟಿದ್ದ. ಅದು ಹೊನ್ನಿನ ಬಣ್ಣ ಕಳೆದುಕೊಂಡು ಬೂದು ತಿರುಗಿತ್ತು.

ಅಷ್ಟರಲ್ಲಿ ಪಶ್ಚಿಮದಿಂದ ಮೋಡ ಎದ್ದಿತು. ತಣ್ಣನೆ ಗಾಳಿ ಬೀಸಿ ನಾಲ್ಕು ಹನಿ ಬಿದ್ದವು. ಅಕ್ಕನ ಮೈಯೊಳಗಿನ ರೈತ ಹೆಂಗಸು ಎಚ್ಚೆತ್ತಳು. ಕೇಳಿದ್ದು, ಕಲಿತದ್ದು ಎಲ್ಲಾ ಮರೆತು ಸೆರಗು ಸಿಕ್ಕಿಸಿಕೊಂಡು ಹೊಲಕ್ಕೆ ಇಳಿದೇಬಿಟ್ಟರು.

"ಅಯ್ಯೋ, ಮಳೆ ಬಂತು ಕಣಪ್ಪಾ! ಬಾ, ಮುಚ್ಚಣ!"

ಯೆನ್ಸ್ ಕದಲಲಿಲ್ಲ. ಕನ್ನಡ ಅರ್ಥವಾಗಲಿಲ್ಲವೆಂದುಕೊಂಡು ಅಕ್ಕ ತೆಲುಗಿಗೆ ಹೊರಳಿದರು. "ವಾನ ವಸ್ತೋಂದಿ ಬಾಬೂ! ರಾ, ರಾ!" ನಮ್ಮ ಕಡೆ ಒಂದು ಭಾಷೆ ಸೋತರೆ ಇನ್ನೊಂದು ಕೈ ಹಿಡಿಯುತ್ತದೆ. ಆದರೆ ಯೆನ್ಸ್ ಪ್ಯಾಂಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು, ಮುಖವನ್ನು ಮೇಲೆತ್ತಿ, ಹೊಲದ ನಡುವೆ ನೆನೆಯುತ್ತಾ ನಿಂತ. ತೃಪ್ತಿಯಿಂದ! ಒಬ್ಬ ರೈತ ತನ್ನ ಕೊಯ್ದ ಹುಲ್ಲಿನ ಮೇಲೆ ಮಳೆ ಸುರಿಯುವುದನ್ನು ಅಷ್ಟು ತೃಪ್ತಿಯಿಂದ ನೋಡಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅಕ್ಕ ಎರಡು ಕಂತೆ ಹುಲ್ಲನ್ನು ಬಗಲಲ್ಲಿ ಅವುಚಿಕೊಂಡು ಸ್ತಬ್ಧರಾಗಿ ನಿಂತರು. ನೋಡುತ್ತಾ ನೋಡುತ್ತಾ ಅವರ ಕೈ ಸಡಿಲವಾಯಿತು. ಹುಲ್ಲು ಕೆಳಗೆ ಬಿತ್ತು.

"ನಿಜಾನೇ ಇರ್ಬೇಕು ಕಣೇ ಮಂಜೂ," ಎಂದರು ತೊಯ್ದು ತೊಪ್ಪೆಯಾಗಿ. "ಸುಳ್ಳಾಗಿದ್ರೆ ಇವನು ಹಿಂಗೆ ನಿಲ್ತಿರಲಿಲ್ಲ."

ಆಗ ಯೆನ್ಸ್ ಮೊದಲ ಸಲ ಉದ್ದದ ಮಾತಾಡಿದ. "ತೊಳೆದುಹೋದ ಪೊಟ್ಯಾಷ್ ಎಲ್ಲಿಗೆ ಹೋಗುತ್ತದೆ? ನನ್ನ ಹೊಲಕ್ಕೇ. ಮುಂದಿನ ಬೆಳೆಗೆ ಗೊಬ್ಬರ. ನೀವು ಅದನ್ನು ಒಲೆಗೆ ಹಾಕಿ ಸುಡುತ್ತಿದ್ದೀರಿ."

ಆದರೂ ಅಕ್ಕನಿಗೆ ಕಣ್ಣಾರೆ ನೋಡಬೇಕಿತ್ತು. ಮಳೆ ಕಾಣದ ಹಳದಿ ಹುಲ್ಲು ಯೆನ್ಸನ ಕೊಟ್ಟಿಗೆಯಲ್ಲಿ ದನಗಳ ಕೆಳಗೆ ಹಾಸಲೆಂದು ಒಂದಷ್ಟಿತ್ತು. ಅದರದೊಂದು ಕಟ್ಟು, ಹಿಂದೆಯೇ ಮಳೆಯಲ್ಲಿ ತೊಳೆದು ಒಣಗಿಸಿಟ್ಟ ಬೂದು ಹುಲ್ಲಿನದೊಂದು ಕಟ್ಟು ಹಿಡಿದುಕೊಂಡು ವಾಪಸ್ ಬಂದೆವು. ಕಿರ್ಸ್ಟನ್ ಎರಡನ್ನೂ ಬೇರೆ ಬೇರೆಯಾಗಿ ಸುಟ್ಟು, ಬೂದಿಯನ್ನು ಎರಡು ಕಬ್ಬಿಣದ ಡಬ್ಬಿಗೆ ತುಂಬಿ, ಉದ್ದನೆಯ ಇಕ್ಕುಳದಿಂದ ಕುಲುಮೆಯೊಳಗಿನ ಕೆಂಡದ ಅಂಚಿಗೆ ತಳ್ಳಿದಳು. ಕಾಯುತ್ತಾ ಕೂತೆವು.

ಡಬ್ಬಿಗಳು ಹೊರಬಂದು ತಣ್ಣಗಾದ ಮೇಲೆ ಕಿರ್ಸ್ಟನ್ ಮೊದಲನೆಯದನ್ನು ಬೋರಲು ಹಾಕಿದಳು. ಏನೂ ಬೀಳಲಿಲ್ಲ. ತಳಕ್ಕೆ ಕಿಟ್ಟ ಕಚ್ಚಿಕೊಂಡಿತ್ತು, ನಮ್ಮದೇ ಕಲ್ಲಿನ ತಮ್ಮನ ಹಾಗೆ. ಎರಡನೆಯದನ್ನು ಬೋರಲು ಹಾಕಿದಳು. ವಿಭೂತಿಯಷ್ಟು ನಯವಾದ ಬೂದಿ ಮೇಜಿನ ಮೇಲೆ ಹರಡಿಕೊಂಡಿತು.

ಅಕ್ಕ ಎದ್ದು ಕಿರ್ಸ್ಟನ್‌ಳನ್ನು ತಬ್ಬಿಕೊಂಡರು. ಅಪರಿಚಿತರನ್ನು ಮುಟ್ಟಲೂ ಹಿಂಜರಿಯುವ ಆ ದೇಶದಲ್ಲಿ ಅವಳು ಒಂದು ಕ್ಷಣ ಕೊರಡಿನಂತೆ ನಿಂತು, ಆಮೇಲೆ ತಾನೂ ತಬ್ಬಿದಳು. ನನಗೆ ಕಣ್ಣು ತುಂಬಿ ಬಂದಿತ್ತು. ಅಕ್ಕ ನನ್ನ ತಲೆ ಸವರಿದರು. "ನೀನು ಹೊದಿಸು ಅಂದೆ, ನಾನು ಹೊದಿಸ್ದೆ. ಕಿಟ್ಟ ದಿನಾ ಒಲೇಲಿ ಬಾಯಿ ಬಿಟ್ಟು ಹೇಳ್ತಿತ್ತು, ಇಬ್ರೂ ಕೇಳ್ಲಿಲ್ಲ. ಬಿಡು, ಸಮ ಸಮ ಆಯ್ತು."

ಉಳಿದ ದಿನಗಳಲ್ಲಿ ಸಮುದ್ರ ನೋಡಿದೆವು, ಹಳೆಯ ಕೋಟೆ ನೋಡಿದೆವು. ಅಕ್ಕ ಎಲ್ಲದಕ್ಕೂ ಹೂಂ ಎಂದರು. ಅವರ ಮನಸ್ಸು ಆಗಲೇ ಊರಿಗೆ ಹೊರಟು ಹೋಗಿತ್ತು. ವಿಮಾನದಲ್ಲಿ ನನಗೆ ನಿದ್ದೆ ಮಾಡಲು ಬಿಡಲಿಲ್ಲ. ಗೌರಿಬಿದನೂರು ಕಡೆಯ ಜೋಳದ ದಿಂಡು, ಚಿಕ್ಕಬಳ್ಳಾಪುರದವರು ದ್ರಾಕ್ಷಿ ಸವರಿದಾಗ ಬೀಳುವ ಬಳ್ಳಿ, ಎಲ್ಲಕ್ಕೂ ಇದೇ ಉಪಾಯವೇ ಎಂದು ಒಂದಾದ ಮೇಲೊಂದು ಪ್ರಶ್ನೆ. "ಗೊತ್ತಿಲ್ಲ ಅಕ್ಕ," ಎಂದೆ ಪ್ರತಿ ಸಲವೂ. "ಸುಟ್ಟು ನೋಡ್ಬೇಕು." ಈ ಉತ್ತರ ಹೇಳಲು ನಾನು ಅಷ್ಟು ದೂರ ಹೋಗಿ ಬರಬೇಕಾಯಿತು.

ಶಿಡ್ಲಘಟ್ಟ

ಹಿಂಗಾರು ಮಳೆಯ ಹೊತ್ತಿಗೆ ಊರಿನಲ್ಲಿದ್ದೆವು. ಮಳೇಲಿ ನೆನೆಸಿ ಎಂದು ಅಕ್ಕ ಹೇಳಿದಾಗ ಶೆಡ್ಡಿನ ಹೆಂಗಸರು ಫಾರಿನ್ನಿಗೆ ಹೋಗಿ ಇವರ ತಲೆ ಕೆಟ್ಟಿದೆ ಎಂದೇ ತಿಳಿದರು. ಅಕ್ಕ ವಾದ ಮಾಡಲಿಲ್ಲ. ತಮ್ಮ ತೋಟದ ಕಡ್ಡಿಯನ್ನು ಎಳೆಯದೆ ತಲೆಯ ಮೇಲೆ ಹೊತ್ತು ಸಾಗಿಸಿ, ಮಣ್ಣು ತಾಗದಂತೆ ಕಲ್ಲು ಚಪ್ಪಡಿಗಳ ಮೇಲೆ ಸಡಿಲವಾಗಿ ಹರಡಿ, ಆಕಾಶಕ್ಕೆ ಬಿಟ್ಟರು. ಮಳೆ ಬಂತು, ಹೋಯಿತು, ಮತ್ತೆ ಬಂತು. ಕಡ್ಡಿಯ ತೊಗಟೆ ಬೂದು ತಿರುಗಿತು. ಅಲ್ಲಲ್ಲಿ ಬೂಷ್ಟು ಕಂಡಾಗ ನನಗೆ ಮತ್ತೆ ಭಯ; ತಿರುಗಿಸಿ ಹಾಕಿದೆವು. ಮಳೆ ನಿಂತ ಮೇಲೆ ಎರಡು ವಾರ ಬಿಸಿಲು ಕೊಟ್ಟು, ಪುಡಿ ಮಾಡಿ, ಉಂಡೆ ಒತ್ತಿದೆವು.

ಒಂದು ಬೆಳಗ್ಗೆ ಟೆಂಪೊದಲ್ಲಿ ಅನ್ವರ್ ಭಾಯ್ ಘಟಕಕ್ಕೆ ಹೋದೆವು. ಬೀದಿಗೆಲ್ಲ ಬೆಂದ ಗೂಡಿನ ವಾಸನೆ. ಅನ್ವರ್ ಭಾಯ್ ತಾವೇ ಒಲೆಯ ಮುಂದೆ ಕೂತು ಉರಿ ಹಾಕಿದರು. ಮಧ್ಯಾಹ್ನ ಕಳೆಯಿತು. ಊಟಕ್ಕೆ ಬನ್ನಿ ಎಂದು ಕರೆದರು, ಅಕ್ಕ ಒಲ್ಲೆ ಎಂದರು. ಹಗಲೆಲ್ಲ ಒಲೆಯ ಬಾಗಿಲ ಎದುರೇ ನಿಂತಿದ್ದರು.

ಸಂಜೆ ಉರಿ ಇಳಿದ ಮೇಲೆ ಅನ್ವರ್ ಭಾಯ್ ಕಬ್ಬಿಣದ ಸಲಾಕಿ ತೆಗೆದುಕೊಂಡು ಸರಳುಗಳ ನಡುವೆ ತೂರಿಸಿದರು. ಹಿಂದೆಲ್ಲ ಅದು ಠಣ್ ಎಂದು ನಿಲ್ಲುತ್ತಿತ್ತು. ಈ ಸಲ ಸಲೀಸಾಗಿ ಹೋಗಿ ಆಚೆ ಬಂತು. ಬೂದಿ ಪುಸಪುಸ ಕೆಳಗೆ ಉದುರಿತು. ಮೂಲೆಯಲ್ಲಿ ಒಂದೆರಡು ಗಂಟು ಇದ್ದವು, ಇಲ್ಲವೆಂದರೆ ಸುಳ್ಳಾಗುತ್ತದೆ. ಅವನ್ನು ಬೆರಳಿನಿಂದ ಒತ್ತಿದರು, ಪುಡಿಯಾದವು. ಅವರು ಸಲಾಕಿಯನ್ನು ಮತ್ತೆ ಮತ್ತೆ ತೂರಿಸಿ ನೋಡುತ್ತಿದ್ದರು. ನಂಬಲು ಅವರಿಗೂ ಹೊತ್ತು ಬೇಕಿತ್ತು.

ಅಷ್ಟರಲ್ಲಿ ಒಳಗಿನಿಂದ ಶಮೀಮ್ ಕೈ ಒರೆಸಿಕೊಳ್ಳುತ್ತಾ ಬಂದಳು. ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಗೂಡಿನಿಂದ ಎಳೆ ಹಿಡಿಯುವವಳು. ಡೆನ್ಮಾರ್ಕಾಗಲಿ, ಮಳೆಯಾಗಲಿ, ನಮ್ಮ ಶೆಡ್ಡಿನ ಹಣೆಬರಹವಾಗಲಿ ಅವಳಿಗೆ ಏನೂ ಗೊತ್ತಿರಲಿಲ್ಲ. ಉರುವಲಿನ ಬಗ್ಗೆ ಅವಳನ್ನು ಯಾರೂ ಯಾವತ್ತೂ ಕೇಳಿಯೇ ಇರಲಿಲ್ಲ, ನಾನೂ ಕೇಳಿರಲಿಲ್ಲ.

"ಭಾಯ್, ಇವತ್ತು ಒಲೆಗೆ ಏನ್ ಹಾಕಿದ್ರಿ?" ಎಂದಳು. "ಬೆಳಗಿಂದ ನೀರು ಒಂದೇ ಹದ. ಎಳೆ ತುಂಡಾಗಿದ್ದೇ ಕಮ್ಮಿ. ನನ್ನ ಕೈಗೆ ಇವತ್ತು ಅರ್ಧ ರಜಾ ಸಿಕ್ಕಂಗಾಯ್ತು."

ಅಕ್ಕ ಅವಳ ಎರಡೂ ಕೈಗಳನ್ನು ಹಿಡಿದುಕೊಂಡರು. ನೀರಿನಲ್ಲಿ ನೆನೆದು ಬಿಳಿಚಿ ಸುಕ್ಕಾದ ಬೆರಳುಗಳು. ಅವನ್ನೇ ಸವರುತ್ತಾ, ತಲೆಯೆತ್ತದೆ, ಅನ್ವರ್ ಭಾಯ್ ಅವರನ್ನು ಕೇಳಿದರು: "ನಾಳೆಗೆ ಎಷ್ಟು ಚೀಲ ಕಳಿಸ್ಲಪ್ಪ?"

ಅನ್ವರ್ ಭಾಯ್ ಸಲಾಕಿಯನ್ನು ಗೋಡೆಗೆ ಒರಗಿಸಿದರು.

"ನೀವು ಕಳಿಸೋದು ಬೇಡಮ್ಮಾ," ಎಂದರು. "ನಾನೇ ಗಾಡಿ ತಗೊಂಡು ಬರ್ತೀನಿ."